ತಾಳಗುಂದದ ಪರದೆಯ ಮೇಲೆ ನಡೆದ ಸಿಪಾಯಿ

ಪ್ರಚಾರಾಧಿಕಾರಿಗಳೇ,

ಮಾನ್ಯರೇ ಎಂದು ಆರಂಭಿಸಬೇಕಿತ್ತು, ಕೈ ಬರಲಿಲ್ಲ. ಕಳೆದ ತಿಂಗಳು ನೀವು ತಾಳಗುಂದದಲ್ಲಿ ತೋರಿಸಿದ ಸಿನಿಮಾದಿಂದ ನನ್ನ ತಂಗಿ ದುರ್ಗಮ್ಮನ ಬಾಳು ನಿಂತುಹೋಗಿದೆ. ಮೊದಲು ನಿಮ್ಮೊಬ್ಬರನ್ನೇ ಕಂಡು ಕೇಳಿಕೊಂಡೆ. ನೀವು ಕಿವಿಗೆ ಹಾಕಿಕೊಳ್ಳಲಿಲ್ಲ. ಆದ್ದರಿಂದ ಈಗ ಪತ್ರಿಕೆಯಲ್ಲಿ, ಹತ್ತು ಜನರ ಮುಂದೆ ಕೇಳುತ್ತಿದ್ದೇನೆ.

ಗಡಿಯಲ್ಲಿ ಗದ್ದಲವೆಂದು ಪತ್ರಿಕೆಗಳು ಬರೆಯುತ್ತಿರುವ ಕಾಲ. ನಾಳೆ ಯುದ್ಧವಾದರೆ ಜನ ಸಿದ್ಧರಿರಲೆಂದು ನೀವು ವ್ಯಾನು ತಂದಿರಿ, ಪರದೆ ಕಟ್ಟಿಸಿದಿರಿ, ಜನರ ಮನಃಸ್ಥೈರ್ಯವೇ ಅರ್ಧ ಗೆಲುವು ಎಂದು ಭಾಷಣ ಮಾಡಿದಿರಿ. ಉಳಿದರ್ಧ ಯಾರ ಮಕ್ಕಳು ಸತ್ತರೆ ಬರುತ್ತದೆಂದು ಹೇಳಲಿಲ್ಲ. ಆಮೇಲೆ ಪರದೆಯ ಮೇಲೆ ಸಿಪಾಯಿಗಳು ಸಾಲಾಗಿ ನಡೆದರು. "ನೀವು ಕೂತು ನೋಡುತ್ತಿರುವ ಈ ಹೊತ್ತಿನಲ್ಲೇ ಈ ವೀರರು ನಿಮಗಾಗಿ ಎಚ್ಚರವಾಗಿದ್ದಾರೆ" ಎಂದಿತು ನಿಮ್ಮ ಮೈಕು. ಆ ಸಾಲಿನಲ್ಲಿ ಎಡ ಹೆಗಲು ತಗ್ಗಿಸಿ ನಡೆಯುವವನೊಬ್ಬ ನಮ್ಮ ಕಡೆ ತಿರುಗಿ ನಕ್ಕ. ದುರ್ಗಮ್ಮ ಎದ್ದು ನಿಂತಳು. ಅವನು ಅವಳ ಗಂಡ ಹೂವಪ್ಪ. ನನಗೂ ಹಾಗೇ ಕಂಡಿತು.

ಹೂವಪ್ಪ ಸೊರಬದ ಕಡೆಯವನು. ಹಿಂದಿನ ಮಹಾಯುದ್ಧದಲ್ಲೂ ಇಂಥದೇ ವ್ಯಾನು ಬಂದಿತ್ತು, ಸರ್ಕಾರ ಮಾತ್ರ ಬೇರೆ. ಶತ್ರು ಓಡಿಹೋಗುತ್ತಿದ್ದಾನೆ, ನಿಮ್ಮ ಹುಡುಗರನ್ನು ಮನೆಯವರಿಗಿಂತ ಚೆನ್ನಾಗಿ ನೋಡಿಕೊಳ್ಳುತ್ತೇವೆ ಎಂದು ಕೂಗಿತ್ತು. ಓಡುತ್ತಿದ್ದವರು ಯಾರೆಂಬುದು ಬರ್ಮಾದಿಂದ ನಡೆದು ಬಂದವರನ್ನು ಕಂಡ ಮೇಲೆ ತಿಳಿಯಿತು. ಹೊಸದಾಗಿ ಮದುವೆಯಾಗಿದ್ದ ಹೂವಪ್ಪ ನಂಬಿ ಹೋದ. ಯುದ್ಧ ಮುಗಿದ ಮೇಲೆ ನಮಗೆ ಸಿಕ್ಕ ಉತ್ತರ 'ಪತ್ತೆಯಿಲ್ಲ' ಎಂಬುದೊಂದೇ. ಗೆಲುವನ್ನು ಸಾರಲು ಓಣಿ ಓಣಿಗೆ ವ್ಯಾನು ಬಂತು. ಸತ್ತವರ ಸುದ್ದಿ ಹೇಳಲು ಒಂದು ಸೈಕಲ್ಲೂ ಬರಲಿಲ್ಲ.

ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಮನೆಗೆ ಕಳಿಸುವ ಉಡಿಕೆ ಪದ್ಧತಿ ನಮ್ಮಲ್ಲಿದೆ. ಆದರೆ ಗಂಡ ತೀರಿಕೊಂಡನೆಂದು ಹಿರಿಯರ ಮುಂದೆ ಮೊದಲು ಅವಳೇ ಒಪ್ಪಬೇಕು. ಇಷ್ಟು ವರ್ಷ ಒಪ್ಪದವಳು ಈ ದೀಪಾವಳಿ ಕಳೆದ ಮೇಲೆ ಒಪ್ಪಿದಳು. ತೊಗರ್ಸಿಯ ಚೌಡಪ್ಪ, ಹೆಂಡತಿಯನ್ನು ಕಳೆದುಕೊಂಡು ಇಬ್ಬರು ಮಕ್ಕಳನ್ನು ಸಾಕುತ್ತಿರುವ ಒಳ್ಳೆಯ ಮನುಷ್ಯ, ಸೀರೆ ತಂದುಕೊಟ್ಟಿದ್ದ. ನಿಮ್ಮ ಸಿನಿಮಾದ ಮಾರನೆಯ ಬೆಳಿಗ್ಗೆ ಅವಳು ಅದನ್ನು ವಾಪಸು ಕಳಿಸಿದಳು.

"ಅವ್ರು ಬದುಕಿದಾರೆ ಅಣ್ಣ. ಬದುಕಿರೋ ಗಂಡನ್ನ ಬಿಟ್ಟು ಹೆಂಗೆ ಹೋಗ್ಲಿ?"

"ಅದು ಹಳೇ ಚಿತ್ರ ಕಣೇ. ಇಷ್ಟು ವರ್ಷಕ್ಕೆ ಅವನ ತಲೇಲಿ ಒಂದು ಬಿಳಿ ಕೂದ್ಲು ಬ್ಯಾಡೇನು?" ಎಂದೆ.

"ಮನೆಯವ್ರಿಗಿಂತ ಚೆನ್ನಾಗಿ ನೋಡ್ಕಂತೀವಿ ಅಂತ ಸರ್ಕಾರದವ್ರು ಅಂದಿರಲಿಲ್ಲೇನು?" ಎಂದಳು.

ನನಗೆ ಅಳು ಬಂತು. ನಿಮ್ಮ ಮೇಲೆ ಸಿಟ್ಟೂ ಬಂತು.

ಶಿಕಾರಿಪುರದ ಪ್ರವಾಸಿ ಬಂಗಲೆಗೆ ಬಂದು ನಿಮ್ಮನ್ನು ಕಂಡೆ. "ಹೊಸದು ಎಲ್ಲಿಂದ ತರೋಣ ರೀ, ಹಳೇ ಯುದ್ಧದ ರೀಲಿಗೇ ಹೊಸ ಮಾತು ಸೇರಿಸಿದೀವಿ" ಎಂದು ಸಲೀಸಾಗಿ ಒಪ್ಪಿಕೊಂಡಿರಿ. ಅದನ್ನೇ ಊರಿಗೆ ಬಂದು ಹೇಳಿ ಎಂದರೆ, "ಹಾಗೆಲ್ಲ ಹೇಳಿದ್ರೆ ಜನರ ಧೈರ್ಯ ಕುಗ್ಗುತ್ತೆ" ಎಂದು ಕಾಫಿ ಕುಡಿದಿರಿ. ಯಾರ ಧೈರ್ಯ, ಸ್ವಾಮಿ? ಸುಳ್ಳು ಹೇಳಿ ತುಂಬಿಸಿದ ಧೈರ್ಯ ಮೊದಲ ಗುಂಡಿನ ಸದ್ದಿಗೆ ಉಳಿದೀತೇ? ಯುದ್ಧ ಬಂದರೆ ನಾವು ಹಿಂದೆ ಸರಿಯುವವರಲ್ಲ. ಅಕ್ಕಿ ಕೊಡುತ್ತೇವೆ, ಮಕ್ಕಳನ್ನೂ ಕೊಡುತ್ತೇವೆ. ಆದರೆ ಕೊಟ್ಟ ಮಕ್ಕಳು ಏನಾದರೆಂದು ಹೇಳಲು ಬಾಯಿ ಬಾರದವರು, ಕೊಡಿ ಎಂದು ಕೇಳಲು ಯಾವ ಮುಖ ಹೊತ್ತು ಬರುತ್ತೀರಿ?

ಅದೇ ವ್ಯಾನನ್ನು ತಾಳಗುಂದಕ್ಕೆ ಮತ್ತೆ ತನ್ನಿ. ಇದು ಹಳೆಯ ಯುದ್ಧದ ಚಿತ್ರ, ಇದರಲ್ಲಿರುವವರು ಈಗ ಇದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ ಎಂದು ಅದೇ ಮೈಕಿನಲ್ಲಿ ಹೇಳಿ. ನೀನೇ ಹೇಳಿದರೆ ಸಾಲದೇ ಎನ್ನಬೇಡಿ. ದಿನವೂ ಹೇಳುತ್ತಿದ್ದೇನೆ. ಒಡಹುಟ್ಟಿದವನ ಮಾತನ್ನು ಅವಳು ನಂಬುವುದಿಲ್ಲ, ನಿಮ್ಮನ್ನು ನಂಬುತ್ತಾಳೆ. ನಿಮ್ಮ ಪ್ರಚಾರಕ್ಕೆ ಇದಕ್ಕಿಂತ ದೊಡ್ಡ ಜಯ ಇನ್ನೇನು ಬೇಕು? ಚೌಡಪ್ಪ ಸಂಕ್ರಾಂತಿಯವರೆಗೆ ಕಾಯುತ್ತೇನೆ ಎಂದಿದ್ದಾನೆ. ದುರ್ಗಮ್ಮನೂ ನಿಮ್ಮ ವ್ಯಾನು ಯಾವಾಗ ಬರುತ್ತದೆಂದು ಕೇಳುತ್ತಲೇ ಇದ್ದಾಳೆ. ಹೋದ ಸಲ ಹಿಂದೆ ಕೂತಿದ್ದಳಂತೆ, ಈ ಸಲ ಅವನಿಗೆ ಕಾಣುವ ಹಾಗೆ ಮುಂದೆ ಕೂರಬೇಕಂತೆ.

ಇಂತಿ,
ನಿಮ್ಮ ಭಾಷಣಕ್ಕೆ ಎಲ್ಲರ ಜೊತೆ ತಾನೂ ಚಪ್ಪಾಳೆ ತಟ್ಟಿದ
ಹುಚ್ಚರಾಯಪ್ಪ, ತಾಳಗುಂದ