ಈ ಯಂತ್ರಕ್ಕೆ ಇಬ್ಬರು ಬೇಕು

ಜನವರಿ ೬, ಭಾನುವಾರ

ಟ್ರ್ಯಾಕ್ಟರಿನ ಆಯಿಲ್ ನೋಡಿದೆ. ಸರಿ ಇದೆ. ಬ್ಯಾಟರಿಯ ತುದಿಗಳನ್ನು ಉಜ್ಜಿ ಗ್ರೀಸ್ ಹಚ್ಚಿದೆ. ತೋಟದ ಎರಡು ಸಾಲುಗಳ ನಡುವೆ ಒಮ್ಮೆ ಓಡಿಸಿ ತಂದು ನಿಲ್ಲಿಸಿದೆ. ಕೆಲಸವೇನೂ ಇರಲಿಲ್ಲ. ನಿಂತೇ ಇದ್ದರೆ ಇಂಜಿನ್ ಜಡವಾಗುತ್ತದೆ.

ಸವರಿದ ಕೊಂಬೆಗಳ ರಾಶಿ ಹಿತ್ತಿಲ ಗೋಡೆಗಿಂತ ಎತ್ತರವಾಗಿದೆ. ಪ್ರತಿ ವರ್ಷ ಸುಡುತ್ತಿದ್ದೆ. ಈ ಬಾರಿ ಪುರಸಭೆ ಬೇಡವೆಂದಿದೆ. ಪಕ್ಕದ ಮನೆಯ ದರ್ಜಿಯಂತೂ ಗೋಡೆಯ ಮೇಲಿಂದ ತಲೆ ಹಾಕಿ ಹೇಳಿಯೇ ಬಿಟ್ಟ — “ಮೇಷ್ಟ್ರೇ, ಹೋದ ವರ್ಷ ನಾನು ಹೊಲಿದ ಕೋಟು ಹಾಕ್ಕೊಂಡ ಮದುಮಗ ಹೊಗೆ ವಾಸನೆ ಹೊಡೀತಿದ್ದ. ಈ ವರ್ಷ ಆದ್ರೂ ನನ್ನ ಹೊಟ್ಟೆ ಮೇಲೆ ಹೊಡೀಬೇಡಿ.”

ಚಿಪ್ಪರ್ ಕೊಳ್ಳುವ ಯೋಚನೆ. ಸಣ್ಣ ಟ್ರ್ಯಾಕ್ಟರಿನ ಹಿಂಬದಿಗೆ ಜೋಡಿಸುವಂಥದು. ಕೊಂಬೆಯನ್ನು ಬಾಯಿಗೆ ಕೊಟ್ಟರೆ ಚೂರು ಮಾಡಿ ಕೊಳವೆಯಿಂದ ಉಗುಳುತ್ತದೆ. ಆ ಚೂರನ್ನು ಬುಡಕ್ಕೆ ಹರಡಬಹುದು. ಮರದ್ದು ಮರಕ್ಕೇ.

ಜನವರಿ ೯, ಬುಧವಾರ

ಟ್ರ್ಯಾಕ್ಟರ್ ಅಂಗಡಿಗೆ ಹೋಗಿಬಂದೆ. ದೊಡ್ಡ ಮಾದರಿ ನನ್ನ ಟ್ರ್ಯಾಕ್ಟರಿಗೆ ಭಾರ — ಎತ್ತಿದರೆ ಮುಂದಿನ ಚಕ್ರ ನೆಲ ಬಿಟ್ಟೀತು. ಚಿಕ್ಕದನ್ನು ಆರಿಸಿದೆ. ಅಂಗಡಿಯವನು ಯಂತ್ರದ ಬಾಯಿಯ ಮೇಲಿನ ಕೆಂಪು ಪಟ್ಟಿ ತೋರಿಸಿದ. ಅದನ್ನು ತಳ್ಳಿದ ಕ್ಷಣ, ಕೊಂಬೆಯನ್ನು ಒಳಗೆಳೆಯುವ ರೋಲರ್ ನಿಲ್ಲುತ್ತದೆ.

“ಕೊಂಬೆ ಹಾಕೋರು ಒಬ್ರು, ಪಟ್ಟಿ ಹತ್ರ ಇನ್ನೊಬ್ರು. ನಿಮ್ಮ ಜೊತೆ ಯಾರಿದಾರೆ ಸರ್?”

“ಇದ್ದಾರೆ,” ಎಂದೆ.

ಶಿಷ್ಯರಿಗೇನು ಕೊರತೆ. ತರಬೇತಿ ಶಾಲೆಯ ಮೆಕ್ಯಾನಿಕ್ ವಿಭಾಗದ ಹಲಗೆಯ ಮೇಲ್ತುದಿಯಲ್ಲಿ ನಿವೃತ್ತಿಯ ದಿನದವರೆಗೂ ಒಂದು ವಾಕ್ಯವನ್ನು ಅಳಿಸದೆ ಉಳಿಸಿದ್ದೆ — ಒಬ್ಬರೇ ಇರುವಾಗ ಯಂತ್ರ ಚಾಲೂ ಮಾಡಬಾರದು. ಅದನ್ನು ಓದಿ ಹೋದವರಲ್ಲಿ ಯಾರಾದರೊಬ್ಬರಿಗೆ ಭಾನುವಾರ ಬಿಡುವಿರದೆ ಹೋಗದು. ಇಬ್ಬರು ಬೇಕೆಂದು ಅವನು ಹೇಳಿದ ಮೇಲೆಯೇ ಕೊಳ್ಳುವ ಮನಸ್ಸು ಗಟ್ಟಿಯಾದದ್ದು.

ಜನವರಿ ೧೨, ಶನಿವಾರ

ಚಿಪ್ಪರ್ ಬಂತು. ಶಾಫ್ಟ್ ಉದ್ದವಾಯಿತು — ಟ್ರ್ಯಾಕ್ಟರಿನ ತಿರುಗುವ ಬಲವನ್ನು ಚಿಪ್ಪರಿಗೆ ಒಯ್ಯುವ ಕಬ್ಬಿಣದ ತೋಳು ಅದು, ಮೈಮೇಲೆ ಹಳದಿ ಪ್ಲಾಸ್ಟಿಕ್ ಕವಚ. ಅಳೆದು ಕೊಯ್ದೆ, ಅಂಚು ಅರದಿಂದ ಉಜ್ಜಿದೆ, ಗ್ರೀಸ್ ತುಂಬಿದೆ. ಕೈ ಇನ್ನೂ ಕೆಲಸ ಮರೆತಿಲ್ಲ.

ಚೂರು ಕಣ್ಣಿಗೆ ಸಿಡಿಯದಂತೆ ಹಾಕಿಕೊಳ್ಳುವ ಕನ್ನಡಕ ಎರಡು ಕೊಂಡಿದ್ದೇನೆ. ಒಂದರ ಸ್ಟಿಕ್ಕರ್ ಕಿತ್ತಿಲ್ಲ. ಹಾಕಿಕೊಳ್ಳುವವರೇ ಕೀಳಲಿ.

ಅಕ್ಕನ ಫೋನು. ವಿಷಯ ತಿಳಿಸಿದೆ. “ಮದುವೆ ಮಾಡ್ಕೋ ಅಂದ್ರೆ ಟ್ರ್ಯಾಕ್ಟರ್ ಕಟ್ಕೊಂಡೆ. ಈಗ ಅದಕ್ಕೂ ಒಂದು ಜೋಡಿ ತಂದೆಯಾ? ಅದರ ಪುಣ್ಯ.” ನಕ್ಕಳು. ನಾನೂ ನಕ್ಕೆ. ಫೋನಿಟ್ಟ ಮೇಲೆ ಮನೆ ಸ್ವಲ್ಪ ದೊಡ್ಡದಾದಂತೆ ತೋರಿತು.

ಜನವರಿ ೧೩, ಭಾನುವಾರ

ಶಿಷ್ಯರಿಗೆ ಫೋನ್ ಮಾಡಿದೆ. ಆಂಬುಲೆನ್ಸ್ ಓಡಿಸುವವನಿಗೆ ಡ್ಯೂಟಿ. ಲಿಫ್ಟ್ ರಿಪೇರಿಯವನ ಮಗುವಿಗೆ ಜ್ವರ. ಪಂಪ್‌ಸೆಟ್ ಅಂಗಡಿ ಇಟ್ಟವನು “ಮುಂದಿನ ವಾರ ಗ್ಯಾರಂಟಿ ಸರ್” ಎಂದ. ಒಳ್ಳೆಯ ಹುಡುಗರು. ಎಲ್ಲರೂ ತಮ್ಮ ತಮ್ಮ ಕೆಲಸದಲ್ಲಿದ್ದಾರೆ — ಕಲಿಸಿದ್ದು ಅದಕ್ಕಾಗಿಯೇ ಅಲ್ಲವೇ. ದರ್ಜಿಯನ್ನು ಕೇಳಿದೆ. “ನನಗೆ ಹತ್ತು ಬೆರಳೂ ಬೇಕು ಮೇಷ್ಟ್ರೇ,” ಎಂದು ತಲೆ ಒಳಗೆಳೆದುಕೊಂಡ.

ಮಧ್ಯಾಹ್ನ ಟ್ರ್ಯಾಕ್ಟರ್ ಹತ್ತಿ ಕುಳಿತೆ. ಇಂಜಿನ್ ಓಡುತ್ತಿತ್ತು. ಚಿಪ್ಪರಿಗೆ ಬಲ ಕೊಡುವ ಲಿವರಿನ ಮೇಲೆ ಕೈ ಇತ್ತು. ಯಾರು ನೋಡುತ್ತಾರೆ…

ಇಂಜಿನ್ ಆರಿಸಿದೆ. ಇಳಿದೆ.

ಜನವರಿ ೧೬, ಬುಧವಾರ

ಸ್ಪ್ಯಾನರ್ ಫೋನ್ ಮಾಡಿದ್ದಳು! ಲಿಫ್ಟಿನವನಿಂದ ಸುದ್ದಿ ತಿಳಿಯಿತಂತೆ. ಅವನು ಕಲಿತ ತಂಡದಲ್ಲಿದ್ದ ಒಬ್ಬಳೇ ಹುಡುಗಿ. ಊಟದ ಹೊತ್ತಿನಲ್ಲೂ ಕೈಯಿಂದ ಸ್ಪ್ಯಾನರ್ ಇಳಿಸುತ್ತಿರಲಿಲ್ಲವೆಂದು ಆ ಹೆಸರು. ಈಗ ಸ್ವಂತ ಸ್ಕೂಟರ್ ಗ್ಯಾರೇಜು.

“ಭಾನುವಾರ ಬರ್ತೀನಿ ಸರ್. ಆದ್ರೆ ನನ್ನದೂ ಒಂದು ಕೆಲಸ ಇದೆ. ನಮ್ಮ ತರಬೇತಿ ಶಾಲೇಲಿ ಬೋಧಕರ ಹುದ್ದೆ ಖಾಲಿ ಇದೆ, ಅರ್ಜಿ ಹಾಕಿದೀನಿ. ಪರೀಕ್ಷಕರ ಮುಂದೆ ಪಾಠ ಮಾಡಿ ತೋರಿಸಬೇಕು. ಮೊದಲು ನೀವು ಕೇಳಿ, ತಪ್ಪಿದ್ರೆ ಬೈರಿ.”

ನನ್ನ ಹಲಗೆಯ ಮುಂದೆ ನಿಲ್ಲುವವಳು! ಖಂಡಿತ ಕೇಳುತ್ತೇನೆ ಎಂದೆ. ಸಂಜೆಯೆಲ್ಲ ಅಂಗಳ ಗುಡಿಸಿದೆ.

ಜನವರಿ ೨೦, ಭಾನುವಾರ

ಬಂದಳು. ಕನ್ನಡಕದ ಸ್ಟಿಕ್ಕರ್ ಕಿತ್ತು ತನ್ನ ಹೆಲ್ಮೆಟ್ಟಿಗೆ ಅಂಟಿಸಿಕೊಂಡಳು. ಕೆಂಪು ಪಟ್ಟಿಯ ಪಕ್ಕ ಬೇರು ಬಿಟ್ಟಂತೆ ನಿಂತಳು, ಕಣ್ಣು ನನ್ನ ಕೈಯ ಮೇಲಿಂದ ಒಮ್ಮೆಯೂ ಕದಲಲಿಲ್ಲ. ಕೊಂಬೆಯ ಬುಡವನ್ನು ಮೊದಲು ಕೊಡಬೇಕು. ರೋಲರ್ ಕಚ್ಚಿದೊಡನೆ ಕೈ ಬಿಡಬೇಕು. ನೇರ ಎದುರಿಗಲ್ಲ, ಓರೆಗೆ ನಿಲ್ಲಬೇಕು. ತೋಳುದಪ್ಪದ ಕೊಂಬೆಯನ್ನೂ ಕಬ್ಬು ಜಗಿದಂತೆ ಜಗಿಯಿತು. ಹಿತ್ತಿಲ ತುಂಬ ಹಸಿ ಮರದ ಪರಿಮಳ.

ಒಂದೇ ತೊಂದರೆ. ಯಂತ್ರ ಬಲು ಚುರುಕು. ಇಡೀ ಚಳಿಗಾಲಕ್ಕಾದೀತೆಂದುಕೊಂಡ ರಾಶಿ ಟೀ ಹೊತ್ತಿಗೆ ಅರ್ಧವಾಗಿತ್ತು. ಉಳಿದದ್ದು ಮುಂದಿನ ವಾರಕ್ಕಿರಲಿ ಎಂದೆ. ಮಾತಿನಲ್ಲಿ ಹೊತ್ತು ಹೋಯಿತು. ಅವಳ ಪಾಠವೂ ಮುಂದಿನ ವಾರಕ್ಕೆ ಹೋಯಿತು.

ಜನವರಿ ೨೭, ಭಾನುವಾರ

ರಾಶಿ ಮುಗಿಯಿತು. ಕಿತ್ತಳೆ ಗಿಡಗಳಲ್ಲಿ ಒಣಗಿದ್ದು ಕೆಲವಿವೆ, ಅವನ್ನೂ ಸವರಿಡುತ್ತೇನೆ ಎಂದೆ. ಅವಳು ಚೀಲದಿಂದ ಹಾಳೆಗಳನ್ನು ತೆಗೆದಿದ್ದಳು. ಅಷ್ಟರಲ್ಲಿ ಗ್ಯಾರೇಜಿನ ಗಿರಾಕಿಯೊಬ್ಬನ ಫೋನು. ಹೋದಳು. ಹಾಳೆ ತೆಗೆಯುವ ಮೊದಲು ನಾನು ಒಂದು ಗಂಟೆಗೂ ಮೀರಿ ಹಳೆಯ ಲೇತ್ ಯಂತ್ರದ ಕಥೆ ಹೇಳಿದ್ದೆ. ಅವಳಿಗೆ ಗೊತ್ತಿದ್ದ ಕಥೆಯೇ.

ಫೆಬ್ರವರಿ ೩, ಭಾನುವಾರ

ಕಿತ್ತಳೆ. ಕೊಂಬೆಗಳನ್ನು ಒಂದೊಂದಾಗಿ ಕೊಟ್ಟೆ. ಅವಸರವೇನು. ಅವಳು ಚೂರನ್ನು ಅಂಗೈಯಲ್ಲಿ ಹಿಡಿದು ಹಿಂಡಿ ನೋಡಿದಳು. “ಪಾಠ?” ಎಂದಳು. “ಮುಂದಿನ ವಾರ ಬೇರೆ ಕೆಲಸವೇ ಇಟ್ಟುಕೊಳ್ಳುವುದು ಬೇಡ,” ಎಂದೆ. ಮನಸ್ಸಿನಿಂದಲೇ ಹೇಳಿದೆ.

ಫೆಬ್ರವರಿ ೮, ಶುಕ್ರವಾರ

ರಾಶಿ ಇಲ್ಲ. ರಾಶಿ ಇಲ್ಲದಿದ್ದರೆ ಭಾನುವಾರ ಅವಳು ಪಾಠ ಒಪ್ಪಿಸಿ, ಟೀ ಕುಡಿದು, ಹೊರಟುಬಿಡುತ್ತಾಳೆ. ಅದರ ಮುಂದಿನ ಭಾನುವಾರ ಬರಲು ಕಾರಣವೇ ಇರುವುದಿಲ್ಲ.

ಗೇಟಿನ ಪಕ್ಕದ ಹಿಪ್ಪುನೇರಳೆ ಬಹಳ ಹಬ್ಬಿಕೊಂಡಿದೆ. ದಾರಿಗೆ ಅಡ್ಡ. ಗರಗಸ ತೆಗೆದೆ. ಒಂದು ಕೊಂಬೆ ತೆಗೆದರೆ ಇನ್ನೊಂದು ಕಡೆ ಭಾರ. ಸಮ ಮಾಡಲು ಅದನ್ನೂ ತೆಗೆಯಬೇಕಾಯಿತು. ಹೀಗೆ ಸಂಜೆಯವರೆಗೆ. ಇಳಿದು ದೂರ ನಿಂತು ನೋಡಿದೆ.

ಒಳಗೆ ಬಂದೆ.

ಫೆಬ್ರವರಿ ೧೦, ಭಾನುವಾರ

ಯಂತ್ರ ಓಡುತ್ತಿತ್ತು. ಬೆರಳುದಪ್ಪದ ಕಡ್ಡಿಯೊಂದನ್ನು ಹಿಡಿದುಕೊಂಡು ಏನೋ ಹೇಳುತ್ತಿದ್ದೆ. ರೋಲರ್ ತಟಕ್ಕನೆ ನಿಂತಿತು. ಪಟ್ಟಿ ತಳ್ಳಿದ್ದಳು. ಹೋಗಿ ಇಂಜಿನನ್ನೂ ಆರಿಸಿದಳು.

“ಏನಾಯ್ತಮ್ಮ? ಏನಾದ್ರೂ ಸಿಕ್ಕಿಕೊಂಡ್ತಾ?”

“ಏನೂ ಸಿಕ್ಕೊಂಡಿಲ್ಲ ಸರ್. ನಿಮಗೆ ಕೊಂಬೆ ಪುಡಿ ಮಾಡ್ಬೇಕೋ, ಮಾತಾಡ್ಬೇಕೋ? ಒಂದು ಹೇಳಿ.”

ಕಡ್ಡಿಯನ್ನು ಇನ್ನೂ ಹಿಡಿದೇ ಇದ್ದೆ.

“ಈ ಕಡ್ಡೀನ ಕೈಯಲ್ಲೇ ಮುರೀಬಹುದು. ಆ ಮರಕ್ಕೇನು ಹೇನಾಗಿತ್ತಾ, ಹಾಗೆ ಬೋಳಿಸಿದೀರಿ? ಹೋದ ವಾರಾನೂ ಚೂರು ಒದ್ದೆ ಬಂತು. ಒಣಗಿದ್ದು ಅಂದ್ರಿ. ಜೀವ ಇದ್ದ ಕೊಂಬೆ ಸರ್ ಅವು.” ಕನ್ನಡಕ ತೆಗೆದಳು. “ಪರೀಕ್ಷೆಗೆ ಇನ್ನೊಂದೇ ವಾರ. ನನ್ನ ಪಾಠ ನೀವು ಒಂದ್ಸಲಾನೂ ಕೇಳ್ಲಿಲ್ಲ. ಗ್ಯಾರೇಜ್ ಮುಚ್ಚಿ ಬರ್ತಿದ್ದಿದ್ದು ಅದಕ್ಕೇ ಅಲ್ವಾ?”

ಆಮೇಲೆ ಬಗ್ಗಿ, ಪಿನ್ನು ಒತ್ತಿ, ಶಾಫ್ಟನ್ನು ಎರಡೂ ಕಡೆಯಿಂದ ಬಿಚ್ಚಿಕೊಂಡಳು.

“ಇದು ನನ್ನ ಹತ್ರ ಇರುತ್ತೆ. ಮರ ಚಿಗುರಲಿ. ನಾನು ಬರ್ದೇ ಇದ್ರೆ ನೀವು ಒಬ್ರೇ ಓಡಿಸ್ತೀರಿ.”

“ಇಲ್ಲಮ್ಮ. ಹಲಗೆ ಮೇಲೆ ನಾನೇ ಬರೆದ ವಾಕ್ಯ—”

“ಹೋದ ತಿಂಗಳಾಗಿದ್ರೆ ನಂಬ್ತಿದ್ದೆ ಸರ್.”

ಸ್ಕೂಟರಿನ ಕಾಲಿಡುವ ಜಾಗದಲ್ಲಿ ಶಾಫ್ಟ್ ಅಡ್ಡ ಮಲಗಿಸಿಕೊಂಡು ಹೋದಳು. ಹಳದಿ ಕವಚ ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು.

ಫೆಬ್ರವರಿ ೧೨, ಮಂಗಳವಾರ

ಅವಳು ಹೇಳಿದ್ದರಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ.

ಫೆಬ್ರವರಿ ೧೪, ಗುರುವಾರ

ಅವಳ ಗ್ಯಾರೇಜಿಗೆ ಹೋದೆ. ಶಾಫ್ಟ್ ಗೋಡೆಯ ಮೇಲೆ, ಎರಡು ಮೊಳೆಗಳ ನಡುವೆ. ಅದನ್ನು ನೋಡಲಿಲ್ಲವೆಂಬಂತೆ ಹಳೆಯ ಟೈರೊಂದರ ಮೇಲೆ ಕುಳಿತೆ.

“ಪಾಠ ಶುರು ಮಾಡಮ್ಮ.”

“ಇಲ್ಲೇನಾ? ಗಿರಾಕಿ ಬರ್ತಾರೆ.”

“ಬರಲಿ. ತರಗತಿಗೂ ತಡವಾಗಿ ಬರುವವರಿರುತ್ತಾರೆ.”

ಬ್ರೇಕ್ ಶೂ ಬದಲಿಸುವ ಪಾಠ. ಚಕ್ರ ಬಿಚ್ಚಿ ನಿಂತು ಮಾಡಿದಳು. ನಡುವೆ ಒಬ್ಬ ಪಂಕ್ಚರ್ ಎಂದು ಬಂದವನು ತಾನೂ ನಿಂತು ಕೇಳಿದ. ಬಾಯಿ ಹಾಕಬೇಕೆಂದು ಹಲವು ಸಲ ಅನ್ನಿಸಿತು. ನಾಲಗೆ ಕಚ್ಚಿ ಹಿಡಿದೆ. ಚೆನ್ನಾಗಿ ಮಾಡಿದಳು. ನನಗಿಂತ ಚೆನ್ನಾಗಿ — ಇದನ್ನು ಅವಳಿಗೂ ಹೇಳಿದೆ.

“ತಪ್ಪು ಹೇಳಿ ಸರ್, ಹೊಗಳಿಕೆ ಆಮೇಲೆ.”

“ಒಂದೇ. ಪ್ರಶ್ನೆ ಕೇಳುತ್ತೀಯ, ಮರುಕ್ಷಣ ನೀನೇ ಉತ್ತರ ಹೇಳುತ್ತೀಯ. ಕೇಳಿದ ಮೇಲೆ ಕಾಯಬೇಕು. ಆ ಸುಮ್ಮನಿರುವ ಹೊತ್ತು ಬಲು ಉದ್ದ ಅನ್ನಿಸುತ್ತದೆ. ಆದರೂ ಕಾಯಬೇಕು. ಅವರು ಕಲಿಯುವುದು ಆಗಲೇ.”

ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತ ನೋಡಿದಳು. “ನೀವು ಕಾಯ್ತೀರಾ ಸರ್?”

ಶಾಫ್ಟಿಗೋ, ಮರ ಚಿಗುರುವುದಕ್ಕೋ ಎಂದು ನಾನು ಕೇಳಲಿಲ್ಲ. ಕಾಯುತ್ತೇನೆ ಎಂದೆ.

ಫೆಬ್ರವರಿ ೧೮, ಸೋಮವಾರ

ಇವತ್ತು ಪರೀಕ್ಷೆ. ನಾನಾಗಿ ಅವಳಿಗೆ ಫೋನ್ ಮಾಡಲಿಲ್ಲ. ಫೋನಿನ ಪಕ್ಕದಲ್ಲಿ ಕುಳಿತು ಅರಗಳನ್ನೆಲ್ಲ ಶುಚಿ ಮಾಡಿದೆ.

ಮಾರ್ಚ್ ೬, ಬುಧವಾರ

ಸಿಕ್ಕಿತು. ಹುದ್ದೆ ಸಿಕ್ಕಿತು! “ಪ್ರಶ್ನೆ ಕೇಳಿ ಕಾದೆ ಸರ್. ಯಾರೂ ಮಾತಾಡ್ಲಿಲ್ಲ. ಕಾದೆ. ಕೊನೆಗೆ ತಡೀಲಾರದೆ ಒಬ್ಬ ಪರೀಕ್ಷಕರೇ ಉತ್ತರ ಹೇಳ್ಬಿಟ್ರು.” ಇಬ್ಬರೂ ಬಹಳ ಹೊತ್ತು ನಕ್ಕೆವು. ಯಾವಾಗ ಬರುತ್ತೀಯೆಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಏಪ್ರಿಲ್ ೧೪, ಭಾನುವಾರ

ಹಿಪ್ಪುನೇರಳೆಯ ಮೋಟುಗಳಲ್ಲಿ ಕೆಲವು ಒಣಗಿವೆ. ಒಂದರಲ್ಲಿ ಮಾತ್ರ ಅಕ್ಕಿಕಾಳಿನಷ್ಟು ಹಸುರು. ಪ್ರತಿದಿನ ಬುಡಕ್ಕೆ ನೀರು. ಬುಡದಲ್ಲಿ ಹರಡಿರುವುದು ಅದರದೇ ಚೂರು.

ಚಿಪ್ಪರಿನ ಮೇಲೆ ಟಾರ್ಪಾಲಿನ್ ಹೊದಿಸಿದ್ದೇನೆ. ಅಂಗಳದಲ್ಲಿ ಯಾರೋ ಬಗ್ಗಿ ಕುಳಿತಂತೆ ಕಾಣುತ್ತದೆ.

ಮೇ ೩೦, ಗುರುವಾರ

ಬಿಸಿಲು. ನೆರಳಿಲ್ಲದ ಗೇಟು. ದರ್ಜಿ ನೀರು ಕೇಳಿ ಬಂದವನು ನಿಂತು ಹೇಳಿದ — “ಮೇಷ್ಟ್ರೇ, ಹೊಗೇನೂ ಇಲ್ಲ, ಸದ್ದೂ ಇಲ್ಲ. ಹುಷಾರಾಗಿದೀರಿ ತಾನೆ?” ಹುಷಾರಾಗಿದ್ದೇನೆ ಎಂದೆ. ಅವನ ಕತ್ತರಿಯನ್ನು ಸಾಣೆ ಹಿಡಿದುಕೊಟ್ಟೆ.

ಅವಳಿಗೆ ಫೋನ್ ಮಾಡಿಲ್ಲ. ಹೊಸ ಬೋಧಕಿ, ಮೊದಲ ತಂಡ. ಆ ದಿನಗಳು ಹೇಗಿರುತ್ತವೆಂದು ನನಗೆ ಗೊತ್ತು. ಕೈಯೇನೋ ಫೋನಿನವರೆಗೆ ಹೋಗುತ್ತದೆ.

ಜುಲೈ ೭, ಭಾನುವಾರ

ಅವಳೇ ಫೋನ್ ಮಾಡಿದಳು.

“ಸರ್, ಮರ ಹೇಗಿದೆ?”

“ಚಿಗುರಿದೆ. ಒಂದೆರಡು ಕಡ್ಡಿ ಮೊಳದುದ್ದ ಬಂದಿವೆ.”

“ನಿಜವಾಗ್ಲೂ?”

“ಬಂದು ನೋಡಮ್ಮ,” ಎಂದುಬಿಟ್ಟೆ. ಬಾಯಿ ಜಾರಿತು.

“ಬರ್ತಿದೀನಿ. ಶನಿವಾರ. ಒಬ್ಳೇ ಅಲ್ಲ, ಇಡೀ ತಂಡ. ಹಲಗೆ ಮೇಲೆ ನಿಮ್ಮ ವಾಕ್ಯ ಮತ್ತೆ ಬರೆದಿದೀನಿ, ಅದು ಯಾಕೆ ಅಂತ ಯಾರಿಗೂ ಅರ್ಥ ಆಗ್ತಿಲ್ಲ. ಯಂತ್ರದ ಮುಂದೆ ನಿಲ್ಲಿಸಿ ತೋರಿಸ್ಬೇಕು.”

ತೋಟದಲ್ಲಿ ಸವರಲು ಒಂದು ಕೊಂಬೆಯೂ ಇಲ್ಲ. ಇದ್ದದ್ದನ್ನೆಲ್ಲ ಆಗ ಒಬ್ಬಳಿಗಾಗಿ ಕಡಿದು ಮುಗಿಸಿದ್ದೇನೆ. ಹೇಳಿದೆ. ಅಷ್ಟೂ ಹೇಳಿದೆ — ಯಾಕೆ ಕಡಿದೆನೆಂಬುದನ್ನೂ.

ಆ ಕಡೆ ಸದ್ದಿಲ್ಲ. ಕಾದೆ.

“ಗೊತ್ತು ಸರ್,” ಎಂದಳು. “ನೀವು ಒಂದು ಕಡ್ಡೀನೂ ಮುಟ್ಬೇಡಿ. ಶಾಲೆ ಅಂಗಳದಲ್ಲಿ ಗಾಳಿಗೆ ಬಿದ್ದ ಮರ ಇದೆ, ಕೊಂಬೆ ನಾವೇ ತರ್ತೀವಿ. ಶಾಫ್ಟೂ ತರ್ತೀವಿ. ಹಾಕೋದು ಮಕ್ಕಳು. ನೀವು ಕೆಂಪು ಪಟ್ಟಿ ಹತ್ರ ನಿಲ್ಬೇಕು. ಮಾತಾಡೋ ಹಾಗಿಲ್ಲ.”

“ಒಂದು ಮಾತೂ?”

“ಟೀ ಹೊತ್ತಲ್ಲಿ ಲೇತ್ ಕಥೆ ಹೇಳಿ. ಇವರ್ಯಾರೂ ಕೇಳಿಲ್ಲ.”

ಜುಲೈ ೧೩, ಶನಿವಾರ, ಬೆಳಿಗ್ಗೆ

ಟಾರ್ಪಾಲಿನ್ ತೆಗೆದೆ. ಅಲಗಿಗೆ ತುಕ್ಕು ಹಿಡಿದಿಲ್ಲ. ರೋಲರನ್ನು ಕೈಯಿಂದ ತಿರುಗಿಸಿದೆ, ಪಟ್ಟಿಯನ್ನು ತಳ್ಳಿ ನೋಡಿದೆ — ಸಲೀಸು. ರಾತ್ರಿ ಚಾರ್ಜಿಗಿಟ್ಟ ಬ್ಯಾಟರಿ ತುಂಬಿದೆ. ಕನ್ನಡಕ ಎರಡೇ ಇವೆ. ಉಳಿದವನ್ನು ತರುತ್ತಾಳೆ, ಮರೆಯುವವಳಲ್ಲ. ಮನೆಯಲ್ಲಿದ್ದ ಲೋಟ, ಬಟ್ಟಲು, ಅಳತೆಯ ಪಾತ್ರೆ ಎಲ್ಲವನ್ನೂ ತೊಳೆದಿಟ್ಟಿದ್ದೇನೆ. ಕೆಲವರು ಬಟ್ಟಲಲ್ಲೇ ಕುಡಿಯಬೇಕಾದೀತು.

ಬೆಂಚನ್ನು ಹಿಪ್ಪುನೇರಳೆಯ ಕೆಳಗೆ ಎಳೆದುತಂದೆ. ನೆರಳು ಒಬ್ಬರಿಗೂ ಸಾಲದು. ಆದರೂ ಅಲ್ಲೇ ಇರಲಿ.

ಬೆಂಚಿನ ಮೇಲೆ ಕುಳಿತೇ ಇದನ್ನು ಬರೆಯುತ್ತಿದ್ದೇನೆ. ಪಟ್ಟಿಯ ಬಳಿ ನಿಂತಾಗ ಎರಡು ಕೈಯನ್ನೂ ಎಲ್ಲಿಡಬೇಕು… ಅವಳು ಹೇಗಿಟ್ಟುಕೊಳ್ಳುತ್ತಿದ್ದಳೆಂದು ನೆನಪು ಮಾಡಿಕೊಂಡೆ. ಬಲಗೈ ಪಟ್ಟಿಯ ಮೇಲೆ. ಕಣ್ಣು ಮಕ್ಕಳ ಕೈಗಳ ಮೇಲೆ. ಬಾಯಿ ಮುಚ್ಚಿ.

ತಿರುವಿನಲ್ಲಿ ಹಾರ್ನ್. ಲಾರಿಯಂಥದೇನೋ. ಹಿಂದೆ ಕೊಂಬೆಗಳು, ಕೊಂಬೆಗಳ ಮೇಲೆ ಹಳದಿಯದೊಂದು ಉದ್ದನೆಯ — ಗೇಟಿನ ಚಿಲಕ ತೆಗೆದೇ ಇಲ್ಲ, ಎದ್ದು