ಪಟ್ಟಿ ಬಿಚ್ಚಿದ ಕಂಬ

ಜೂನ್ 3, ಬೆಳಿಗ್ಗೆ

ಮಳೆ. ಮೋತಿ ಡೊಂಗರ್ ಗುಡ್ಡದ ಮೇಲಿನ ಓಣಿಗೆ ಮತ್ತೆ ನೆಟ್ ಇಲ್ಲ. ಕಂಬಕ್ಕೆ ಏಣಿ ಹಚ್ಚಿ ನೋಡಿದೆ. ನನ್ನ ಕೇಬಲ್ಲಿಗೆ ಇನ್ನೊಂದು ಸುತ್ತಿಕೊಂಡಿದೆ — ಸೋಮಲಪ್ಪನದು. ಲೈಸೆನ್ಸ್ ಇಲ್ಲದವನು ಕಂಬಕ್ಕೆ ಕಟ್ಟಿದ ನನ್ನ ಹೆಸರಿನ ಪಟ್ಟಿಯ ಮರೆಯಲ್ಲಿ ವ್ಯಾಪಾರ ಮಾಡುತ್ತಿದ್ದಾನೆ. ಅವನಿಗೆ ಫೈಬರ್ ಕೇಬಲ್ ಜೋಡಿಸುವುದನ್ನು ಕೈಹಿಡಿದು ಕಲಿಸಿದವನು ನಾನು.

ಹೋದ ವರ್ಷ ಅಪ್ಪ ತೀರಿಕೊಂಡಾಗ ಮಣ್ಣಿಗೆಂದು ಊರಿಗೆ ಹೋಗಿದ್ದೆ. ಆಗ ಸೋಮಲಪ್ಪ ನನ್ನ ಲೈನ್ ಕತ್ತರಿಸಿದ. 'ದೇವು ಓಡಿ ಹೋದ' ಅಂತ ಮನೆಮನೆಗೆ ಹೇಳಿ ಗಿರಾಕಿಗಳನ್ನು ಎಳೆದುಕೊಂಡ. ಕ್ಷಮೆ ದೊಡ್ಡ ಗುಣ ಅಂತ ಎಷ್ಟೋ ಪುಸ್ತಕಗಳಲ್ಲಿ ಓದಿದ್ದೇನೆ. ಬರೆದವರ ಕೇಬಲ್ ಯಾರೂ ಕತ್ತರಿಸಿರಲಿಕ್ಕಿಲ್ಲ.

ಜೂನ್ 5

ಪೇಪರಿನಲ್ಲಿ ಬಂದಿದೆ. ಕರೆಂಟ್ ಕಂಬದ ಮೇಲೆ ಆಪರೇಟರ್ ಹೆಸರಿನ ಪಟ್ಟಿ ಇಲ್ಲದ ಕೇಬಲ್ ಎಲ್ಲ ಕತ್ತರಿಸುತ್ತಾರಂತೆ. ಸೋಮಲಪ್ಪ ಪೇಪರ್ ಓದುವವನಲ್ಲ.

ನನ್ನ ಲೈನ್ ಮನೆಗಳ ಮೇಲಿಂದ ಒಯ್ದು, ಪಟ್ಟಿ ಬಿಚ್ಚಿಕೊಂಡರೆ...

ಜೂನ್ 6

ಕೇಳದೆ ಯಾರ ಛಾವಣಿಯೂ ಹತ್ತುವಂತಿಲ್ಲ. ಛಾವಣಿ ಕೊಟ್ಟವರಿಗೆ ನೆಟ್ ಪುಕ್ಕಟೆ — ಇಲ್ಲಿಯ ರೂಢಿ. ಮೊದಲು ಒಪ್ಪಿದ್ದು ಜೈನಬಕ್ಕ. "ಹಾಕ್ರಿ ದೇವಣ್ಣ. ವೈರ್ ಗಟ್ಟಿ ಇದ್ರ ನಮ್ಮ ಅರಬಿನೂ ಒಣಗ್ತಾವ."

ಸೋಮಲಪ್ಪ ಕೆಳಗೆ ನಿಂತಿದ್ದ. "ಏನ್ರಿ ಮಾಲಕರ, ಕಂಬ ಬ್ಯಾಸರಾತೇನ್ರಿ?"

"ನಿನಗ ಜಾಗಾ ಸಾಲವಲ್ದಲ್ಲಪಾ. ಪೂರಾ ನಿಂದ ಇರಲಿ."

ನಕ್ಕ. ನಾನೂ ನಕ್ಕೆ. ಕರೆಂಟ್ ಆಫೀಸಿಗೆ ಕಂಬದ ಪರವಾನಗಿ ಬಿಟ್ಟುಕೊಟ್ಟು, ಪಟ್ಟಿ ಬಿಚ್ಚಿಕೊಂಡು ಬಂದೆ.

ಜೂನ್ 11

ಕತ್ತರಿಸಿದರು! ಅವನ ಕೇಬಲ್ ಗಟಾರಿನಲ್ಲಿ ಬಿದ್ದಿದೆ. ಅವನ ಮುಖ ನೋಡಬೇಕಿತ್ತು. ಆಸಾಮಿ ಇಲ್ಲ. ಹೆಂಡತಿ ಜಯಶ್ರೀ ಸುದ್ದಿ ತಂದಳು. "ಬೆಳಗಿನ ಬಸ್ಸಿಗೆ ಊರಿಗೆ ಹೋಗ್ಯಾನ್ರಿ. ಅವರವ್ವ ತೀರಿಕೊಂಡಾಳ."

ಇದನ್ನು ನಾನು ಬಯಸಿರಲಿಲ್ಲ. ಆದರೆ ಸಿಕ್ಕಿದ್ದನ್ನು ಬಿಡುವ ಮನಸ್ಸೂ ಇಲ್ಲ.

ಜೂನ್ 12

ಭಾಗವ್ವ ಬಂದಳು. ಹೋದ ವರ್ಷ ನನ್ನನ್ನು ಬಿಟ್ಟು ಅವನ ಕಡೆ ಹೋದವಳು. "ನೆಟ್ ಬಂದ್ ಆಗೇತ್ರಿ. ಸೋಮಲಪ್ಪ ಫೋನ್ ಎತ್ತವಲ್ಲ. ಎಲ್ಲಿ ಹೋದನ್ರಿ?"

ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು. "ಓಡಿ ಹೋದ," ಅಂದೆ.

ಹೊರಗೆ ನಳದ ಹತ್ತಿರ ಸೋಮಲಪ್ಪನ ಹೆಂಡತಿ ರಾಮಿಬಾಯಿ ನಿಂತಿದ್ದಳು. ತುಂಬು ಬಸುರಿ, ಬಸ್ಸಿನ ಪ್ರಯಾಣ ಆಗದೆಂದು ಇಲ್ಲೇ ಉಳಿದವಳು.  ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋದಳು.

"ಆಕಿ ಕೇಳಿಸ್ಕೊಂಡ್ಳ್ರಿ," ಅಂದಳು ಜಯಶ್ರೀ. "ಹೋಗಿ ಭಾಗವ್ವಗ ಖರೇ ಹೇಳಿ ಬರ್ರಿ."

ಹೇಳುವುದಿಲ್ಲ. ನನ್ನ ಬಗ್ಗೆ ಯಾರು ಖರೇ ಹೇಳಿದ್ದರು?

ಜೂನ್ 13

ಭಾಗವ್ವನ ಮನೆಗೆ ಲೈನ್ ಎಳೆಯಬೇಕು. ಅವಳ ಮನೆಯ ಹಿಂದೆ ಕಡಿದಾದ ಗುಡ್ಡ. ಕಂಬ ನಾನೇ ಬಿಟ್ಟಾಯಿತು. ಉಳಿದ ದಾರಿ ಒಂದೇ — ರಾಮಿಬಾಯಿಯ ಛಾವಣಿ. ಹೋಗಿ ಕೇಳಬೇಕು. ಬಾಗಿಲ ತನಕ ಹೋಗಿದ್ದೆ. ಒಳಗೆ ಕೆಮ್ಮಿದಳು. ಏನಂತ ಕರೆಯಲಿ? 'ಓಡಿ ಹೋದ' ಅಂದ ಬಾಯಿಂದ ಏನಂತ ಕೇಳಲಿ?