ಗಾರ್ಡಿಗೆ ಕಟ್ಟಿದ ದಾರ

ಕಲಬುರಗಿ, ಆಸ್ಪತ್ರೆಯಿಂದ

ತಮ್ಮ ಮೌನೇಶನಿಗೆ,

ಮುಂದೆ ಓದುವ ಮೊದಲು ನಿನ್ನ ಚೈನ್ ಗರಗಸ ಆಫ್ ಮಾಡಿ ಕೆಳಗಿಡು.

ಕೋಟನೂರಿನಲ್ಲಿ ರಸ್ತೆಗೆ ಬಿದ್ದ ಬೇವಿನ ಮರ ಕೊಯ್ಯುತ್ತಿದ್ದೆ. ಗರಗಸದ ತುದಿ ಒಳಗಿನ ಕೊಂಬೆಗೆ ತಾಗಿ ಯಂತ್ರ ನನ್ನ ಮುಖದ ಕಡೆ ಚಿಮ್ಮಿತು. ಹಾಗೆ ಚಿಮ್ಮಿದಾಗ ಹಿಡಿಕೆಯ ಮುಂದಿನ ಗಾರ್ಡ್ ಮಣಿಕಟ್ಟಿಗೆ ತಾಗಿ ಮುಂದಕ್ಕೆ ಹೋಗಬೇಕು, ಚೈನ್ ಅಲ್ಲೇ ನಿಲ್ಲಬೇಕು. ಗಾರ್ಡ್ ಅಲುಗಲೇ ಇಲ್ಲ. ಚೈನ್ ಹೆಲ್ಮೆಟ್ಟಿನ ಜಾಲರಿ ಹರಿದು ಎಡ ಭುಜಕ್ಕೆ ಇಳಿಯಿತು. ಮುಖ ಉಳಿದಿದೆ. ಎಡಗೈ ಬಗ್ಗೆ ಡಾಕ್ಟರು ಇನ್ನೂ ಏನೂ ಹೇಳುತ್ತಿಲ್ಲ.

ಆಮೇಲೆ ನಿನ್ನ ಅತ್ತಿಗೆ ಶೀಲಾ ಯಂತ್ರದ ಫೋಟೊ ತೋರಿಸಿದಳು. ದಸರೆಯ ಖಂಡೇ ಪೂಜೆಯ ದಿನ ಅವ್ವ ಸುತ್ತಿದ ಅರಿಶಿನ ದಾರ ಗಾರ್ಡನ್ನು ಹಿಡಿಕೆಗೇ ಬಿಗಿದುಬಿಟ್ಟಿತ್ತು. ಪೂಜೆಯ ದಾರ ಬಿಚ್ಚಬಾರದೆಂದು ಹಾಗೇ ಕೆಲಸ ಮಾಡುತ್ತಿದ್ದೆ.

ನಿನ್ನ ಯಂತ್ರಕ್ಕೂ ಅವಳು ಅದೇ ದಿನ ಕಟ್ಟಿದ್ದಾಳೆ. ಈಗಲೇ ಕತ್ತರಿಸು. ಆದರೆ ಎಸೆಯಬೇಡ, ಯಂತ್ರದ ಪೆಟ್ಟಿಗೆಗೆ ಅವ್ವನಿಗೆ ಕಾಣುವಂತೆ ಕಟ್ಟಿಡು. ಫೋನ್ ಮಾಡಿದರೆ ಕಮಲಾಪುರದ ಮನೆಯಲ್ಲಿ ಅವಳೇ ಎತ್ತುತ್ತಾಳೆ. ಅದಕ್ಕೇ ಈ ಕಾಗದ ಕೊಟ್ಟು ಶೀಲಾಳನ್ನು ಬಸ್ಸಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನೆ ಅವ್ವ ಬಂದು ನನ್ನ ಹಾಸಿಗೆಯ ಹತ್ತಿರ ಕೂತಿದ್ದಳು. "ನಾ ಕಟ್ಟಿದ ದಾರಾನ ನಿನ್ನ ಉಳಿಸ್ಯಾದ ನೋಡಪ್ಪಾ" ಎಂದಳು.

"ಹೌದವ್ವ" ಎಂದೆ.

ಹೋಗುವಾಗ ನನ್ನ ಬಲಗೈಗೆ ಇನ್ನೊಂದು ಕಟ್ಟಿದಳು. ಅದೇ ಕೈಯಿಂದ ಇದನ್ನು ಬರೆಯುತ್ತಿದ್ದೇನೆ.

ನಿನ್ನ ಅಣ್ಣ,
ಅಮೋಘಪ್ಪ